ಸ್ಪಂಜಿನ ಬಸುರು

ನಿಲ್ಲುವುದೇ ಜಯಮಾಲಾಳ ಕೆಲಸ. ಕೂರುವಂತಿಲ್ಲ. ಒರಗುವಂತಿಲ್ಲ. ಇಂದಿರಾನಗರದ ಆ ಬಟ್ಟೆ ಸ್ಟುಡಿಯೋದ ಮೊದಲ ಮಹಡಿಯಲ್ಲಿ, ಗೋಡೆಯುದ್ದದ ಕನ್ನಡಿಯ ಎದುರು ಒಂದು ಮರದ ಮಣೆ ಇದೆ. ಬೆಳಿಗ್ಗೆ ಅದರ ಮೇಲೆ ಹತ್ತಿದರೆ ಸಂಜೆ ಇಳಿಯಬೇಕು. ಹೊಲಿದು ಮುಗಿಯದ ಬಟ್ಟೆಯನ್ನು ಅವಳ ಮೈಗೆ ಹಾಕುತ್ತಾರೆ. ಗುಂಡುಪಿನ್ನು ಚುಚ್ಚುತ್ತಾರೆ, ಕತ್ತರಿಸುತ್ತಾರೆ, ಮತ್ತೆ ಚುಚ್ಚುತ್ತಾರೆ. ಪಿನ್ನು ಬಟ್ಟೆ ದಾಟಿ ಮೈಗೆ ತಾಗಿದರೆ ಅಯ್ಯೋ ಅನ್ನಬಾರದು. ಅಂದರೆ ಮೈ ಅಲುಗುತ್ತದೆ, ಮೈ ಅಲುಗಿದರೆ ಅಳತೆ ತಪ್ಪುತ್ತದೆ.

ಅವಳು ಅಲ್ಲಿಗೆ ಬಂದದ್ದು ಕಸ ಗುಡಿಸಲು. ಬಗ್ಗಿ ನೆಲ ಒರೆಸುತ್ತಿದ್ದವಳನ್ನು ಒಂದು ದಿನ ಮಾಲಕಿ ಶರ್ವಾಣಿ ತಡೆದು ನಿಲ್ಲಿಸಿದಳು.

"ಏಯ್, ಒಂದ್ನಿಮಿಷ. ನೆಟ್ಟಗೆ ನಿಂತ್ಕೋ. ಕೈ ಮೇಲೆತ್ತು."

ಜಯಮಾಲಾ ಏನೋ ಕಳುವಾಗಿದೆ, ತಪಾಸಣೆ ಮಾಡುತ್ತಾರೆ ಅಂದುಕೊಂಡು ಕೈ ಎತ್ತಿದಳು. ಶರ್ವಾಣಿ ಟೇಪು ಸುತ್ತಿದಳು. ಎದೆ, ಸೊಂಟ, ನಡು, ಭುಜ.

"ಓ ಮೈ ಗಾಡ್, ಪರ್ಫೆಕ್ಟ್! ನಮ್ಮ ಸ್ಯಾಂಪಲ್ ಸೈಜೇ ಇದು. ಇನ್ಮೇಲೆ ಪೊರಕೆ ಬೇಡ ನಿಂಗೆ. ಸುಮ್ನೆ ನಿಂತ್ಕೊಂಡ್ರೆ ಸಾಕು."

"ಮುಖ, ಕಲರ್ರು...?" ಎಂದು ಅವಳ ಸಹಾಯಕಿ ಮಧುರಾ ರಾಗ ಎಳೆದಳು.

"ಮುಖ ಯಾರಿಗ್ ಬೇಕು? ಮೈ ಮಾತ್ರ."

ಪರ್ಫೆಕ್ಟಂತೆ! ಆ ನಡು ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಸುರಪುರದ ಕಡೆಯ ಒಂದು ಹಳ್ಳಿಯಲ್ಲಿ, ಊರಾಚೆಯ ಕೇರಿಯಲ್ಲಿ, ಅವಳ ಅಜ್ಜಿ ಬರಿಹೊಟ್ಟೆಯಲ್ಲಿ ಮಲಗಿದ್ದಳು, ಅವ್ವ ಬರಿಹೊಟ್ಟೆಯಲ್ಲಿ ಮಲಗಿದ್ದಳು, ಇವಳೂ ಮಲಗಿದ್ದಳು. ತಲೆತಲಾಂತರದ ಹಸಿವು ಕಡೆದ ಮೈ ಅದು. ಆ ಮೈ ತಮಗೂ ಬೇಕೆಂದು ಇಲ್ಲಿನ ಹೆಂಗಸರು ದುಡ್ಡು ಕೊಟ್ಟು ಉಪವಾಸ ಬೀಳುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಬಡವರನ್ನು ಆಡಿಕೊಳ್ಳುವ ಗಾದೆಯೊಂದಿದೆಯಲ್ಲ, ಅದನ್ನು ಕಟ್ಟಿದವನು ಇಂದಿರಾನಗರ ನೋಡಿರಲಿಲ್ಲ. ಇಲ್ಲಿ ಹಿಟ್ಟಿನ ಚೀಲದ ಮೇಲೆ ಕೂತವರೇ ಹೊಟ್ಟೆ ಕಟ್ಟಿಕೊಂಡು ಮಲ್ಲಿಗೆ ಮುಡಿಯುತ್ತಾರೆ.

ಬಟ್ಟೆ ಪೂರ್ತಿ ಹೊಲಿದು ಮುಗಿದ ದಿನ ಬೇರೊಬ್ಬ ಹುಡುಗಿ ಬರುತ್ತಿದ್ದಳು. ಬಿಳುಪಾದ, ಎತ್ತರದ ಮಾಡೆಲ್ಲು. ವಾರಗಟ್ಟಲೆ ಜಯಮಾಲಾಳ ಮೈಮೇಲೆ ಬೆಳೆದ ಬಟ್ಟೆಯನ್ನು ಅವಳು ಗಳಿಗೆ ಹೊತ್ತು ಹಾಕಿಕೊಂಡು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದಳು. ಆಗ ಜಯಮಾಲಾ ಬಟ್ಟೆ ಥಾನುಗಳ ಕೋಣೆಯಲ್ಲಿ ಇರಬೇಕು. ಕನ್ನಡಿಯಲ್ಲಿ ಅವಳ ಕಪ್ಪು ಮುಖ ಬಿದ್ದು ಒಂದು ಸಲ ಫೋಟೋ ಕೆಟ್ಟಿತ್ತಂತೆ.

ಕಟ್ಟಳೆಗಳು ಬೇಕಾದಷ್ಟಿದ್ದವು. ಫಿಟ್ಟಿಂಗ್ ಮುಗಿಯುವವರೆಗೆ ಊಟ ಇಲ್ಲ, ಹೊಟ್ಟೆ ಮುಂದೆ ಬರುತ್ತದೆ. ತಲೆಗೆ ಎಣ್ಣೆ ಇಲ್ಲ. ಕೈಗೆ ಬಳೆ ಇಲ್ಲ, ರೇಷ್ಮೆ ಎಳೆ ಸಿಕ್ಕಿಕೊಳ್ಳುತ್ತದೆ. ಪ್ರತಿ ಸೋಮವಾರ ಅಳತೆ. ಟೇಪು ಒಂದಿಷ್ಟು ಮುಂದೆ ಹೋದರೂ ಆ ವಾರ ಸಪ್ಪೆ ಸೌತೆಕಾಯಿ. ಅವಳ ಬುತ್ತಿಯನ್ನು ಒಳಗಿಡುವಂತಿರಲಿಲ್ಲ. ಪುಂಡಿಪಲ್ಯದ ವಾಸನೆ ಬಟ್ಟೆಗೆ ಹತ್ತುತ್ತದೆ ಎಂದು ಅದಕ್ಕೆ ಬಾಗಿಲ ಪಕ್ಕದ ಚಪ್ಪಲಿ ಗೂಡಿನಲ್ಲಿ ಜಾಗ ತೋರಿಸಿದ್ದರು. ಬಂದವರ ಷೂಗಳ ನಡುವೆ ಅವಳ ರೊಟ್ಟಿ ಕೂತಿರುತ್ತಿತ್ತು. ಸಂಜೆ ತೆಗೆದು ತಿನ್ನುವಾಗ ಹಸಿವೇ ಸತ್ತಿರುತ್ತಿತ್ತು.

ಹಾಗಾದರೆ ಬಿಟ್ಟು ಹೋಗಬಾರದೇ? ಹೋಗಬಹುದು, ಹೊರಮಾವಿನ ಕಟ್ಟಡಗಳಿಗೆ. ಅವಳ ಗಂಡ ಭೀಮಾಶಂಕರ ಅಲ್ಲಿ ಗೋಡೆಗೆ ಪ್ಲಾಸ್ಟರ್ ಬಳಿಯುತ್ತಾನೆ. ಅವಳೂ ಅಲ್ಲಿ ಸಿಮೆಂಟಿನ ಬುಟ್ಟಿ ಹೊರುತ್ತಿದ್ದಳು. ಹೋದ ವರ್ಷ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುವಾಗ ತೊಡೆಗುಂಟ ರಕ್ತ ಇಳಿಯಿತು. ಕೆಳಗೆ ಕೂತಳು. ಬಸುರು ಅಲ್ಲೇ ಹೋಯಿತು. ಮೇಸ್ತ್ರಿ ಅವಳನ್ನು ನೋಡಲಿಲ್ಲ, ಮೆಟ್ಟಿಲು ನೋಡಿದ. "ಮರಳು ಹಾಕ್ರೋ, ಜಾರುತ್ತೆ" ಎಂದ.

ಆ ಮರಳನ್ನು ಜಯಮಾಲಾ ಮರೆತಿಲ್ಲ. ಅದಕ್ಕೇ ಅವಳು ಮಣೆಯ ಮೇಲೆ ನಿಂತಳು. ಇಲ್ಲಿ ಬಿಸಿಲಿಲ್ಲ, ಹೊರೆಯಿಲ್ಲ. ಮತ್ತೊಮ್ಮೆ ಬಸುರಾದರೆ ಉಳಿಸಿಕೊಳ್ಳಬಹುದು ಎಂಬ ಆಸೆ.

ಆಯಿತು. ಮುಟ್ಟು ನಿಂತಿತು. ಆಗ ತಿಳಿಯಿತು ಅವಳಿಗೆ, ತಾನು ಎಂಥ ಕಡೆ ಸಿಕ್ಕಿಬಿದ್ದಿದ್ದೇನೆಂದು. ಅಲ್ಲಿ ಹೊರೆ ಕೂಸನ್ನು ತಿನ್ನುತ್ತದೆ, ಇಲ್ಲಿ ಹಸಿವು ತಿನ್ನುತ್ತದೆ. ಅತ್ತ ದರಿ, ಇತ್ತ ಪುಲಿ.

"ಇನ್ನಷ್ಟು ದಿನ ತಡಿ ಜಯಾ," ಎಂದ ಭೀಮಾಶಂಕರ. ಒಳ್ಳೆಯವನೇ. ಆದರೆ ಒಬ್ಬನ ದುಡಿಮೆಯಲ್ಲಿ ಆ ಒಂಟಿ ಕೋಣೆಯ ಬಾಡಿಗೆಯೇ ಏಳುವುದಿಲ್ಲ. "ಹೊಟ್ಟಿ ಕಾಣೂ ತನಕ ನಡಸು. ಆಮ್ಯಾಗ ನೋಡೂಣು."

"ಹೊಟ್ಟಿ ಕಾಣಬಾರ್ದಂದ್ರ ಉಣ್ಣಬಾರ್ದು. ಉಣ್ಣಲಿಲ್ಲಂದ್ರ ಹೊಟ್ಟ್ಯಾಗಿಂದು ಉಳಿಯಂಗಿಲ್ಲ. ಯಾವುದು ನಡಸಲಿ?"

ಅವನು ಗೋಡೆ ನೋಡಿದ. ಅವನಿಗೆ ಗೊತ್ತಿದ್ದ ಕೆಲಸ ಅದೊಂದೇ.

ಅದೇ ಹೊತ್ತಿಗೆ ಸ್ಟುಡಿಯೋಗೆ ಒಂದು ರಟ್ಟಿನ ಪೆಟ್ಟಿಗೆ ಬಂತು. ಒಳಗೆ ಹೊಟ್ಟೆಗಳು. ಸ್ಪಂಜಿನವು. ಸಣ್ಣದು, ನಡುವಿನದು, ದೊಡ್ಡದು. ಮೇಲೆ ಮೈಬಣ್ಣದ ಬಟ್ಟೆ, ಬೆನ್ನಿಗೆ ಕಟ್ಟಿಕೊಳ್ಳಲು ಪಟ್ಟಿ. ಬಣ್ಣವೂ ಬಿಳಿಯರ ಮೈಯದೇ.

"ಈ ಸಲ ಬಸುರಿಯರ ಕಲೆಕ್ಷನ್," ಎಂದಳು ಶರ್ವಾಣಿ. "ಬೇಬಿ ಶವರ್‌ಗೆ ಹಾಕ್ಕೊಳ್ಳೋ ಗೌನ್‌ಗಳು. ಮಾಸ್ಟರ್, ಸರಿಯಾಗಿ ಕೇಳಿಸ್ಕೊಳ್ಳಿ. ಬಸುರಿ ಬಸುರಿ ಥರ ಕಾಣ್ಬಾರ್ದು. ಹೊಟ್ಟೆ ಮಾತ್ರ ಕ್ಯೂಟಾಗಿ ಮುಂದೆ ಬರ್ಬೇಕು. ಎದೆ, ತೋಳು, ಸೊಂಟ ಎಲ್ಲಾ ಸ್ಲಿಮ್ಮಾಗಿರ್ಬೇಕು."

"ಹಂಗೆ ಯಾರು ಇರ್ತಾರೆ ಮೇಡಂ?" ಎಂದ ಅಸ್ಗರ್ ಮಾಸ್ತರ್. ಶಿವಾಜಿನಗರದ ಹಳೆಯ ದರ್ಜಿ ಅವನು. ಹೆಣ್ಣುಮಕ್ಕಳ ತಂದೆ.

"ನಮ್ಮ ಮಾಡೆಲ್ ಇರ್ತಾಳೆ."

ಮಾಡೆಲ್ ಬಸುರಿಯಲ್ಲ. ಅವಳೂ ಸ್ಪಂಜು ಕಟ್ಟಿಕೊಳ್ಳುವವಳೇ. ನಿಜವಾದ ಬಸುರಿಗೆ ಮುಖ ಊದುತ್ತದೆ, ಪಾದ ಊದುತ್ತದೆ, ಕತ್ತು ಕಪ್ಪಾಗುತ್ತದೆ. ಅದು ಫೋಟೋಗೆ ಹೊಂದುವುದಿಲ್ಲ. ಹೀಗಾಗಿ ಬಸುರಿಯರ ಬಟ್ಟೆ ಹೊಲಿಯುವ ಆ ಮಹಡಿಗೆ ಬಸುರಿಯರನ್ನು ಯಾರೂ ಕರೆಯಲಿಲ್ಲ.

ಒಬ್ಬಳು ಮಾತ್ರ ಕರೆಯದೆಯೇ ಅಲ್ಲಿದ್ದಳು. ತನ್ನ ಹೊಟ್ಟೆಯನ್ನು ಒಳಗೆಳೆದುಕೊಂಡು, ಅದರ ಮೇಲೆ ಸ್ಪಂಜಿನ ಹೊಟ್ಟೆ ಕಟ್ಟಿಕೊಂಡು ಮಣೆಯ ಮೇಲೆ ನಿಂತಿದ್ದಳು. ಪಟ್ಟಿ ಬಿಗಿಯಾಗಿತ್ತು. ವಾಂತಿ ಗಂಟಲಿಗೆ ಬಂದಾಗ ನುಂಗಿದಳು. ಕನ್ನಡಿಯಲ್ಲಿ ತುಂಬು ಬಸುರಿ ಕಂಡಳು. ಎಲ್ಲರೂ ಆ ಸ್ಪಂಜನ್ನು ನೋಡಿ ಎಷ್ಟು ಚೆನ್ನಾಗಿದೆ ಅಂದರು, ಮಧುರಾ ಅದನ್ನು ಸವರಿ ನಕ್ಕಳು. ಜಯಮಾಲಾಳಿಗೆ ಅಳು ಬಂತು. ಅದನ್ನೂ ನುಂಗಿದಳು.

ಸೋಮವಾರ ಅಳತೆಯಲ್ಲಿ ಟೇಪು ಎದೆಯ ಹತ್ತಿರ ತಡೆಯಿತು. ಬಸುರು ಮೊದಲು ಕಾಣುವುದೇ ಅಲ್ಲಿ. ಅಸ್ಗರ್ ಮಾಸ್ತರ್ ಟೇಪು ನೋಡಿದ. ಅವಳ ಮುಖ ನೋಡಿದ. ಅವಳ ಕಣ್ಣಿನಲ್ಲಿ ಏನು ಕಂಡಿತೋ, ತಲೆ ತಗ್ಗಿಸಿ ಹಿಂದಿನ ವಾರದ ಅಳತೆಯನ್ನೇ ಕೂಗಿದ. ಮಧುರಾ ಹೂಂ ಅಂದಳು. ಆಮೇಲೆ ನೂಲು ಕಡಿಯುವ ನೆಪದಲ್ಲಿ ಅವನು ಪಿಸುಗುಟ್ಟಿದ, "ಬೇಟಿ, ಟೇಪ್ ಕೈಲಿ ನಾನು ಸುಳ್ಳು ಹೇಳಿಸ್ಬೋದು. ಬಟ್ಟೆ ಹೇಳಲ್ಲ."

ಬಟ್ಟೆಯನ್ನು ಹಳೆಯ ಅಳತೆಗೇ ಕತ್ತರಿಸಿದರು.

ಭಾನುವಾರ ಮನೆಯಲ್ಲಿ ಅತ್ತೆ ಶೇಷಮ್ಮ ಬಾಗಿಲು ಮುಂದೆ ಮಾಡಿಕೊಂಡು ಕಳ್ಳ ಕುಬಸ ಮಾಡಿದಳು. ಕುಬಸ ಅಂದರೆ ರವಿಕೆ. ಅವರ ಕಡೆ ಬಸುರಿಗೆ ಐದರಲ್ಲೋ ಏಳರಲ್ಲೋ ಬಂಧುಬಳಗ ಕರೆದು ದೊಡ್ಡ ಕುಬಸ ಮಾಡುತ್ತಾರೆ. ಮೂರು ತಿಂಗಳಿಗೆ ಮಾಡುವುದು ಕಳ್ಳ ಕುಬಸ, ಕಣ್ಣು ಬೀಳದ ಹಾಗೆ, ಮನೆಮಟ್ಟಿಗೆ. ಹಸಿರು ರವಿಕೆ ತೊಡಿಸಿ, ಹಸಿರು ಬಳೆ ಇಟ್ಟು, ಉಡಿ ತುಂಬಿದರೆ ಕೂಸು ನಿಲ್ಲುತ್ತದೆಂಬ ನಂಬಿಕೆ. ಒಂದು ಕೂಸು ನಿಲ್ಲದೆ ಹೋದ ಮನೆ ಅದು. ಶೇಷಮ್ಮ ಕೇಳುವ ಹಾಗಿರಲಿಲ್ಲ.

ಬಳೆ ಏರಿಸಲು ಬೀದಿ ತುದಿಯ ಬಳೆ ಅಂಗಡಿಯ ಪಟಾಲಮ್ಮ ಬಂದಿದ್ದಳು.

"ಅತ್ತಿ, ಬಳಿ ಬ್ಯಾಡ್ರಿ," ಎಂದಳು ಜಯಮಾಲಾ. "ಅಲ್ಲಿ ತಗಿಸ್ತಾರ."

"ಗೊತ್ತೈತಿ ನನಗ. ದಿನಾ ಬಸ್ ಸ್ಟ್ಯಾಂಡಿನ್ಯಾಗ ಬಳಿ ತಗದು ಚೀಲದಾಗ ಹಾಕ್ಕೋತಿ, ಬರುವಾಗ ಹಾಕ್ಕೊಂಡ್ ಬರ್ತಿ. ನನ್ನ ಕಣ್ಣೇನ ಕುರುಡಾಗ್ಯಾವ? ಪಟಾಲಮ್ಮಾ, ಬಿಗೀವು ಹಾಕವಾ. ಗಂಡ ಗಟ್ಟಿ ಇದ್ದಾಕಿ, ಹೊಟ್ಟ್ಯಾಗ ಕೂಸು ಇದ್ದಾಕಿ, ಬರಿಗೈಲೆ ನಿಲ್ತಾಳೇನ ಅಲ್ಲಿ?"

ಪಟಾಲಮ್ಮ ಅವಳ ಅಂಗೈಯನ್ನು ಸೊಪ್ಪು ಹಿಂಡಿದ ಹಾಗೆ ಹಿಂಡಿ, ಎಣ್ಣೆ ಹಚ್ಚಿ ಒಂದೊಂದೇ ಬಳೆ ಏರಿಸಿದಳು. "ಇನ್ನು ಇವು ಒಡೆದ್ರೇನೇ ಬರೋದು ಕಣಮ್ಮಾ," ಎಂದು ನಕ್ಕಳು.

ಶೇಷಮ್ಮ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದಿದ್ದಳು. ಪುಂಡಿಪಲ್ಯ, ಶೇಂಗಾದ ಹಿಂಡಿ, ಕಡಬು. ಸೊಸೆ ಬೇಡ ಬೇಡವೆಂದು ಶುರುಮಾಡಿ, ಆಮೇಲೆ ತಡೆಯಲಾಗದೆ ಎರಡೂ ಕೈ ಹಚ್ಚಿ ತಿಂದಳು. ತಿನ್ನುತ್ತಾ ಅತ್ತಳು. ಶೇಷಮ್ಮ ಬೆನ್ನು ಸವರಿದಳು. "ಉಣ್ಣವಾ. ನೀ ಒಬ್ಬಾಕಿ ಅಲ್ಲ ಈಗ." ಉಳಿದ ರೊಟ್ಟಿ ಮರುದಿನದ ಬುತ್ತಿಗಾಯಿತು.

ಮರುದಿನ ಉದ್ದ ತೋಳಿನ ಚೂಡಿದಾರ ಹಾಕಿ, ತೋಳನ್ನು ಬೆರಳವರೆಗೆ ಎಳೆದುಕೊಂಡು, ಬಾಣಸವಾಡಿ ಮೇಲೆ ಹೋಗುವ ಬಸ್ಸು ಹತ್ತಿದಳು. ಬಸ್ಸು ಕುಲುಕಿದಾಗೆಲ್ಲ ಬಳೆ ಸದ್ದು ಮಾಡಿತು. ಪಕ್ಕದ ಹೆಂಗಸು ನೋಡಿ ನಕ್ಕಳು. ಜಯಮಾಲಾ ಕೈಯನ್ನು ಬಗಲಲ್ಲಿ ಅವುಚಿಕೊಂಡಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?

ಅವತ್ತೇ ಫೋಟೋ ದಿನ. ಮಧ್ಯಾಹ್ನ ಮಾಡೆಲ್ ಬರುವಷ್ಟರಲ್ಲಿ ಕೊನೆಯ ಗೌನು ಜಯಮಾಲಾಳ ಮೈಮೇಲೆ ಸರಿಹೋಗಬೇಕು. ತೆಳು ಹಸಿರು ರೇಷ್ಮೆ. ಅವಳು ಪರದೆಯ ಹಿಂದೆ ಸ್ಪಂಜು ಕಟ್ಟಿಕೊಂಡು, ಗೌನು ತೊಟ್ಟು ಬಂದು ಮಣೆ ಹತ್ತಿದಳು. ಹೊಟ್ಟೆಯ ಕಡೆ ಸುಂದರವಾಗಿ ಕೂತಿತು. ಬೆನ್ನಿನ ಹುಕ್ಕು ಮಾತ್ರ ಕೂಡಲಿಲ್ಲ. ಅಸ್ಗರ್ ಮಾಸ್ತರ್ ಎಳೆದ. ಕೂಡಲಿಲ್ಲ.

ಬಸುರಿಯರಿಗೆಂದು ಹೊಲಿದ ಬಟ್ಟೆ. ಬಸುರಿಗೆ ಆಗುತ್ತಿರಲಿಲ್ಲ.

"ಏನ್ ತಿಂದೆ?" ಎಂದಳು ಶರ್ವಾಣಿ. "ನೋಡಿದ್ಯಾ ಕನ್ನಡೀಲಿ? ಎಲ್ಲಾ ಕಡೆ ಊದ್ಕೊಂಡಿದೀಯ. ನಿಮ್ಮಂಥೋರಿಗೆ ಡಿಸಿಪ್ಲಿನ್ನೇ ಇಲ್ಲ. ಮಾಸ್ಟರ್, ಹೋದ ವಾರ ಸರಿಯಿತ್ತು ಅಂದ್ರಲ್ಲ?"

ಮಾಸ್ತರ್ ಬಗ್ಗಿ ಹುಕ್ಕನ್ನು ಇನ್ನೊಮ್ಮೆ ಎಳೆದ.

"ಉಸಿರು ಹಿಡಿ," ಎಂದಳು ಶರ್ವಾಣಿ. ಜಯಮಾಲಾ ಹಿಡಿದಳು. "ಇನ್ನೂ ಹಿಡಿ. ಮಾಸ್ಟರ್, ಹುಕ್ ಬಿಡಿ. ಮೈಮೇಲೇ ಟಾಕಾ ಹಾಕ್ಬಿಡಿ. ಮುಂದುಗಡೆ ಬಟ್ಟೆ ಹೇಗೆ ಇಳಿಬೀಳುತ್ತೆ ನೋಡ್ಬೇಕು ನಂಗೆ."

ಸೂಜಿ ಬೆನ್ನಿನುದ್ದ ಇಳಿಯಿತು. ಒಂದೊಂದು ಹೊಲಿಗೆಗೂ ಪಕ್ಕೆಲುಬು ಒಳಗೆ ಹೋಯಿತು. ಅವಳನ್ನು ಗೌನಿನೊಳಗೆ ಹೊಲಿದು ಮುಚ್ಚಿದರು. ಇನ್ನು ಬೇರೆಯವರು ಬಿಚ್ಚದೆ ಅವಳು ಅದರಿಂದ ಹೊರಬರುವಂತಿರಲಿಲ್ಲ.

ಮಧುರಾ ತೋಳಿನ ತುದಿಯ ಗುಂಡಿ ಹಾಕಲು ಬಂದವಳು ನಿಂತಳು. "ಮೇಡಂ, ಬಳೆ!"

"ತೆಗಿ."

"ಬರಂಗಿಲ್ರೀ," ಎಂದಳು ಜಯಮಾಲಾ, ಉಸಿರು ಸಾಲದೆ. "ಬಿಗಿ ಅದಾವ್ರಿ."

ಸೋಪಿನ ನೀರು ತಂದರು. ಮಧುರಾ ಎಳೆದಳು. ಅಂಗೈ ಕೆಂಪಾಯಿತು, ಬಳೆ ಬರಲಿಲ್ಲ. ಶರ್ವಾಣಿ ಗಡಿಯಾರ ನೋಡಿದಳು. "ಜಿಪ್ ರಿಪೇರಿ ಮಾಡೋ ಇಕ್ಕಳ ಇದೆಯಲ್ಲ, ಅದ್ರಲ್ಲಿ ಒಡೆದ್ಹಾಕು."

ಇಕ್ಕಳ ಬಂತು. ಒಂದು ಬಳೆ ಚಟ್ಟೆಂದಿತು. ಚೂರು ಮಣಿಕಟ್ಟಿಗೆ ಹೊಕ್ಕಿತು. ರಕ್ತ ತೊಟ್ಟಿಕ್ಕಿತು.

"ಅಯ್ಯೋ, ಸಿಲ್ಕ್! ಸಿಲ್ಕ್‌ಗೆ ತಾಗುತ್ತೆ! ಟಿಶ್ಯೂ ಕೊಡಿ!" ಶರ್ವಾಣಿ ಓಡಿ ಬಂದು ಬಟ್ಟೆಯನ್ನು ದೂರ ಎತ್ತಿ ಹಿಡಿದಳು.

ಮರಳು ಹಾಕ್ರೋ, ಜಾರುತ್ತೆ. ಜಯಮಾಲಾಳ ಕಿವಿಯಲ್ಲಿ ಅದೇ ದನಿ ಕೇಳಿತು. ಅವಳು ಕೈ ಕಿತ್ತುಕೊಂಡಳು.

"ನಾ ಬಸುರಿ ಅದೀನ್ರಿ."

ಸ್ಪಂಜಿನ ಹೊಟ್ಟೆ ಹೊತ್ತು ನಿಂತವಳ ಬಾಯಿಂದ ಆ ಮಾತು ಕೇಳಿ ಮಧುರಾಗೆ ನಗು ಬಂತು. ಆಮೇಲೆ ನಿಂತಿತು.

"ರಿಯಲಿ?" ಎಂದಳು ಶರ್ವಾಣಿ. "ಯಾಕ್ ಹೇಳ್ಲಿಲ್ಲ?"

"ಹೇಳಿದ್ರ ಇಟ್ಕೊಂತಿದ್ರೇನ್ರಿ?"

"ನೋಡು ಜಯಾ, ನಾನೂ ಎರಡು ಮಕ್ಕಳ ತಾಯಿ. ನಂಗೂ ಅರ್ಥ ಆಗುತ್ತೆ." ದನಿ ಜೇನಾಯಿತು. "ಆದ್ರೆ ಇದು ನಿನ್ನ ಬಾಡಿ ಮೇಲೆ ನಡೆಯೋ ಕೆಲ್ಸ ಅಲ್ವಾ? ಇವತ್ತೊಂದಿನ ಉಸಿರು ಹಿಡ್ಕೊಂಡು ಮುಗ್ಸಿಕೊಡು. ಬಳೆ ಒಡೆಸ್ಕೋ, ಹೊಸದು ಕೊಡಿಸ್ತೀನಿ. ನಾಳೆಯಿಂದ ಬರ್ಬೇಡ. ಮಗು ಆಗಿ, ವೇಯ್ಟ್ ಇಳಿದ್ಮೇಲೆ ಬಾ. ನೋಡೋಣ." ಮಧುರಾ ಕಡೆ ತಿರುಗಿದಳು. "ಹೂಂ, ಒಡಿ."

"ಒಡೀಬ್ಯಾಡ್ರಿ."

"ಏನು?"

"ಒಡಿಯಾಕ ಕೊಡಂಗಿಲ್ಲ ಅಂದೆ. ನನಗ ಹಸಿವಾಗ್ಯಾದ."

ಜಯಮಾಲಾ ಮಣೆ ಇಳಿದಳು. ಯಾರೂ ಇಳಿ ಅನ್ನದೆ ಇಳಿದದ್ದು ಅದೇ ಮೊದಲು. ರೇಷ್ಮೆ ನೆಲದ ಮೇಲೆ ಎಳೆಯುತ್ತಾ ಬಂತು. ಬಾಗಿಲ ಬಳಿ ಹೋಗಿ, ಷೂಗಳ ನಡುವಿನಿಂದ ಬುತ್ತಿ ತೆಗೆದುಕೊಂಡಳು. ಗಿರಾಕಿಗಳು ಕೂರುವ ಬಿಳಿ ಸೋಫಾದತ್ತ ನಡೆದಳು. ಅದನ್ನು ಅವಳು ಒರೆಸಿದ್ದಳು, ಕನ್ನಡಿಯಲ್ಲಿ ನೋಡಿದ್ದಳು, ಕೂತಿರಲಿಲ್ಲ. ಕೂತಳು. ಸ್ಪಂಜು ಎದೆಗೆ ಒತ್ತಿತು. ಗೌನಿನ ಕೆಳಗಿನಿಂದ ಕೈ ಹಾಕಿ, ಬೆನ್ನಿನ ಪಟ್ಟಿಯನ್ನು ತಡಕಿ ಬಿಚ್ಚಿ, ಅದನ್ನು ಹೊರಗೆಳೆದು ಪಕ್ಕಕ್ಕೆ ಎಸೆದಳು. ಬುತ್ತಿ ಬಿಚ್ಚಿದಳು.

"ಏಯ್! ಎಣ್ಣೆ ಕೈ! ಎದ್ದೇಳು! ಮೊದ್ಲು ಗೌನ್ ಬಿಚ್ಚು!"

"ನನಗ ಬಿಚ್ಚಾಕ ಬರಂಗಿಲ್ರೀ. ನೀವ ಹೊಲಿಸೀರಿ." ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದಳು.

ಶರ್ವಾಣಿ ಹತ್ತಿರ ಬಂದು ನಿಂತಳು. ಮುಟ್ಟಲಿಲ್ಲ. ಎಳೆದರೆ ರೇಷ್ಮೆ ಹರಿಯುತ್ತದೆ. ತಳ್ಳಿದರೆ ಪಲ್ಯ ಚೆಲ್ಲುತ್ತದೆ. ಆ ಬಟ್ಟೆಗೆ ಹೆದರಿ ಅವರೆಲ್ಲ ಆ ಹೆಂಗಸಿನ ಸುತ್ತ ಕೈಕಟ್ಟಿ ನಿಂತರು. ಅವಳ ಊಟ ಮುಗಿಯಲೆಂದು ಕಾದರು. ಇಷ್ಟು ದಿನ ಅವಳು ಕಾದಿದ್ದಳಲ್ಲ, ಕಾಯಲಿ.

"ಮಾಸ್ಟರ್, ನೋಡ್ತಾ ನಿಂತಿದೀರಲ್ಲ! ಕತ್ತರಿ ತಗೊಂಡು ಬಿಚ್ಚಿ!"

ಅಸ್ಗರ್ ಮಾಸ್ತರ್ ಕತ್ತರಿಯನ್ನು ಮೇಜಿನ ಮೇಲಿಟ್ಟ. "ಊಟಕ್ಕೆ ಕೂತೋರನ್ನ ಎಬ್ಬಿಸ್ಬಾರ್ದು ಮೇಡಂ. ಗುನಾಹ್ ಆಗುತ್ತೆ."

"ನಿಮ್ಮ ಕೆಲ್ಸನೂ ಹೋಗುತ್ತೆ!"

ಮುದುಕನ ಮುಖ ಬಿಳಿಚಿತು. ಆದರೂ ಕತ್ತರಿ ಮುಟ್ಟಲಿಲ್ಲ. ಲೋಟದಲ್ಲಿ ನೀರು ತಂದು ಅವಳ ಪಕ್ಕ ಇಟ್ಟ.

ಜಯಮಾಲಾ ಅವಸರ ಮಾಡಲಿಲ್ಲ. ಎಳ್ಳು ಹಲ್ಲಿಗೆ ಸಿಕ್ಕಿತು. ಪುಂಡಿಯ ಹುಳಿ ನಾಲಿಗೆಗೆ ಹತ್ತಿತು. ನಾಳೆ ಏನೆಂಬುದು ಅವಳಿಗೆ ಗೊತ್ತಿತ್ತು. ಹೊರಮಾವಿನಲ್ಲಿ ಬುಟ್ಟಿ ಕಾದಿದೆ. ಮೆಟ್ಟಿಲು ಅವೇ. ಇಲ್ಲಿಂದ ಎದ್ದು ಹೋದರೆ ದಾರಿಯೇನೂ ತೆರೆದುಕೊಳ್ಳುವುದಿಲ್ಲ. ಅವಳು ಭಯಪಟ್ಟಳು. ಭಯಪಡುತ್ತಲೇ ಎರಡನೆಯ ರೊಟ್ಟಿ ತೆಗೆದಳು.

ತಿಂದು, ನೀರು ಕುಡಿದು, ಡಬ್ಬಿ ಮುಚ್ಚಿದಳು. ಎದ್ದು ಮತ್ತೆ ಮಣೆ ಹತ್ತಿದಳು. ಶರ್ವಾಣಿ ನಿಟ್ಟುಸಿರು ಬಿಟ್ಟಳು, ದಾರಿಗೆ ಬಂದಳು ಅಂದುಕೊಂಡು.

ಕನ್ನಡಿಯಲ್ಲಿ ತನ್ನನ್ನು ನೋಡುತ್ತಾ ಜಯಮಾಲಾ ಇಷ್ಟು ದಿನ ಹಿಡಿದಿದ್ದ ಉಸಿರನ್ನು ಪೂರ್ತಿ ಬಿಟ್ಟಳು. ಹೊಟ್ಟೆ ತನ್ನ ಪಾಡಿಗೆ ತಾನು ಮುಂದೆ ಬಂತು. ಆಮೇಲೆ ಎದೆ ತುಂಬ ಉಸಿರು ಎಳೆದುಕೊಂಡಳು. ಬೆನ್ನಿನ ಟಾಕಾ ಪಟ್ಟೆಂದಿತು. ಒಂದು, ಇನ್ನೊಂದು, ಆಮೇಲೆ ರೇಷ್ಮೆಯೇ ಪರ್ರೆಂದು ಸೀಳಿತು. ಶರ್ವಾಣಿ ಕಿರುಚಿದಳು.

"ಮಾಸ್ತರ, ಟೇಪು ತರ್ರಿ," ಎಂದಳು ಜಯಮಾಲಾ. ಹಸಿರು ಬಳೆಯ ಕೈಗಳನ್ನು ಮೇಲೆತ್ತಿ ನಿಂತಳು. "ಇವತ್ತ ಸೋಮವಾರ. ಅಳೀರಿ."

ಅಸ್ಗರ್ ಮಾಸ್ತರ್ ಟೇಪು ಸುತ್ತಿದ. ಎಳೆಯಲಿಲ್ಲ.

"ಜೋರಾಗಿ ಹೇಳ್ರಿ."

ಅವನು ಗಂಟಲು ಸರಿಮಾಡಿಕೊಂಡು, ಇಡೀ ಮಹಡಿಗೆ ಕೇಳುವ ಹಾಗೆ, ಇದ್ದ ಅಳತೆಯನ್ನು ಇದ್ದ ಹಾಗೇ ಕೂಗಿದ.